ನಾಯಿಮರಿಗೆ ನಾಲ್ಕು ಜ್ವರ

ನಮ್ಮ ಭಾವನಷ್ಟು ಶಿಸ್ತಿನ ಮನುಷ್ಯ ಕೋಲಾರದ ಸುತ್ತಮುತ್ತ ಇನ್ನೊಬ್ಬರಿಲ್ಲ. ಮೂವತ್ತೈದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಶಿಸ್ತಿನ ವಿಷಯದಲ್ಲಿ ಯಾರಿಗೂ ಸುಮ್ಮಸುಮ್ಮನೆ ಸರ್ಟಿಫಿಕೇಟು ಕೊಡುವವನಲ್ಲ. ತೊಂದರೆ ಒಂದೇ. ಭಾವನ ಶಿಸ್ತು ಮನುಷ್ಯರದ್ದಲ್ಲ, ರೇಷ್ಮೆ ಹುಳುಗಳದ್ದು!

ಭಾವ ಎಂದರೆ ನನ್ನ ಅಕ್ಕನ ಗಂಡ. ಸುಗಟೂರಿನಲ್ಲಿ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ಹುಳು ಸಾಕುವ ಮನೆ. ಹುಳುಗಳು ಸೊಪ್ಪು ತಿಂದ ಮೇಲೆಯೇ ಭಾವನ ಊಟ. ಈ ಹುಳುಗಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಆ ಮನೆಯಲ್ಲಿ ಒಗ್ಗರಣೆಯ ಘಾಟಿಲ್ಲ, ಮಿಕ್ಸಿಯಿಲ್ಲ, ಜೋರು ಮಾತಿಲ್ಲ. ಹಿಂದೆ ನನ್ನ ಮದುವೆಯ ಮಾತುಕತೆಗೆ ಬಂದ ಹೆಣ್ಣಿನ ಕಡೆಯವರನ್ನೇ ಬಾಗಿಲಲ್ಲಿ ತಡೆದು, “ಮೂರನೇ ಜ್ವರದಲ್ಲಿವೆ, ನಾಡಿದ್ದು ಬನ್ನಿ” ಎಂದು ಪಿಸುಗುಟ್ಟಿ ಕಳಿಸಿದ ಮಹಾನುಭಾವರಿವರು! ನನ್ನ ಪುಣ್ಯ, ಅವರು ನಾಡಿದ್ದೂ ಬಂದರು.

ಹುಳುವಿಗೆ ಅನ್ವಯಿಸುವುದು ಲೋಕಕ್ಕೂ ಅನ್ವಯಿಸುತ್ತದೆ ಎಂಬುದು ಭಾವನ ಸಿದ್ಧಾಂತ. ಮಗು ಹಟ ಮಾಡಲಿ, ಪಂಚಾಯಿತಿ ಮೆಂಬರು ಹಾರಾಡಲಿ, “ಎರಡನೇ ಜ್ವರಕ್ಕೆ ಮುಂಚೆ ಹಿಂಗೇ ಕಣಯ್ಯಾ. ಎದ್ದ ಮೇಲೆ ಸರಿಹೋಗ್ತದೆ” ಎನ್ನುತ್ತಾರೆ.

ಇಂಥವರ ಮನೆಗೆ ಒಂದು ನಾಯಿಮರಿ ಬಂತು.

ಅದಕ್ಕೂ ಕಾರಣವಿತ್ತು. ಭಾವನಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಪಾದಗಳಿಗೆ ಸ್ಪರ್ಶವೇ ಇಲ್ಲ. ಮುಳ್ಳು ಚುಚ್ಚಿದರೂ ತಿಳಿಯದು. ಹೆದರಿಕೆಯಿಂದ ತೋಟಕ್ಕೆ ಹೋಗುವುದನ್ನೇ ಬಿಟ್ಟು ಜಗಲಿಯ ಮಂಚ ಹಿಡಿದಿದ್ದರು. ಮಾಲೂರಿನಲ್ಲಿ ಇಟ್ಟಿಗೆ ಫ್ಯಾಕ್ಟರಿ ಇಟ್ಟಿರುವ ಹಳೆಯ ಸ್ನೇಹಿತರೊಬ್ಬರು, “ಇದರ ಹಿಂದೆ ಓಡಾಡಿಯಾದರೂ ಎದ್ದೇಳಪ್ಪಾ. ಬೇಡ ಅನ್ನಿಸಿದ್ರೆ ವಾಪಸ್ ಕಳಿಸು, ಫ್ಯಾಕ್ಟರಿ ಗೇಟಿಗೆ ಚೈನು ಹಾಕಿ ಕಟ್ತೀನಿ” ಎಂದು ಮರಿಯನ್ನು ತಂದುಬಿಟ್ಟರು. ಭಾವ ಅದಕ್ಕೆ ‘ಚಾಕಿ’ ಎಂದು ಹೆಸರಿಟ್ಟರು. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆಯ ಪ್ರಾಯ. ಇನ್ನೇನು ಹೆಸರಿಟ್ಟಾರು, ಹೇಳಿ!

ಚಾಕಿ ಮೊದಲ ವಾರದಲ್ಲೇ ಪೊರಕೆ, ಅಕ್ಕನ ಕನ್ನಡಕದ ಡಬ್ಬಿ, ಎರಡು ಎಡಗಾಲಿನ ಚಪ್ಪಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಒಂದು ಮೂಲೆ, ಇಷ್ಟನ್ನೂ ಜಗಿದು ಮುಗಿಸಿತು. ಜಗಿಯಲು ಏನೂ ಸಿಗದಿದ್ದಾಗ ಮನುಷ್ಯರನ್ನು ಹಿಡಿಯುತ್ತಿತ್ತು. ಅಕ್ಕ ನನಗೆ ಫೋನು ಮಾಡಿದಳು.

“ಲೋ, ಸಾವಿರ ಮಕ್ಕಳನ್ನ ಲೈನಲ್ಲಿ ನಿಲ್ಲಿಸಿದವನು ನೀನು. ಒಂದು ನಾಯಿಮರಿ ನಿಲ್ಲಿಸೋಕಾಗಲ್ವೇನೋ?”

“ಭಾವ ಏನಂತಾರೆ?”

“ಅವರಿಗೇನು! ಅದು ಪಾದ ಕಚ್ಚಿದ್ರೆ ಅವರಿಗೆ ಗೊತ್ತೇ ಆಗಲ್ಲ. ಡಾಕ್ಟ್ರು ಏನಂದಿದಾರೆ? ಪಾದಕ್ಕೆ ಒಂದು ಗಾಯ ಆಗಿ ಕೀವು ತುಂಬಿದ್ರೆ ಕಾಲೇ ಹೋಗ್ತದೆ ಅಂತ. ಈ ಬೆಳೆ ಗೂಡು ಬಿಡಿಸೋ ತನಕ ನೋಡ್ತೀನಿ. ಆಮೇಲೆ ಗೂಡು ಮಾರ್ಕೆಟ್ಟಿಗೆ, ಇದು ಮಾಲೂರಿಗೆ!”

ಹುಳುಗಳು ಆಗ ಎರಡನೇ ಜ್ವರದಲ್ಲಿದ್ದವು. ಗೂಡು ಬಿಡಿಸಲು ಹೆಚ್ಚೆಂದರೆ ಮೂರು ವಾರ. ನಾನು ವಿಸಿಲು, ಕೈಗಡಿಯಾರ, ನಾಲ್ಕು ಜೊತೆ ಬಟ್ಟೆ ತೆಗೆದುಕೊಂಡು ಬಸ್ಸು ಹತ್ತಿದೆ.

ಹೋದ ದಿನವೇ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಐದೂವರೆಗೆ ಏಳುವುದು, ಆರಕ್ಕೆ ನಡಿಗೆ, ಏಳಕ್ಕೆ ಆಹಾರ, ಹೀಗೆ. ಹಾಸ್ಟೆಲಿನ ಗಂಟೆ ಕೇಳಿ ಬೆಳೆದವನು ನಾನು, ಗೋಡೆಯ ಮೇಲೆ ಬರೆದಿದ್ದು ನಡೆದೇ ತೀರಬೇಕು. ಮರುದಿನ ನೋಡಿದರೆ ಚಾಕಿ ಪಟ್ಟಿಯ ಕೆಳಗಿನ ಅರ್ಧ ತಿಂದುಬಿಟ್ಟಿತ್ತು. ಮಧ್ಯಾಹ್ನ ಎರಡರ ನಂತರ ಆ ಮನೆಯಲ್ಲಿ ಶಿಸ್ತಿಗೆ ದಾಖಲೆಯೇ ಉಳಿಯಲಿಲ್ಲ! ಹುಳುಗಳು ಜ್ವರದಿಂದ ಎದ್ದಿದ್ದವು, ಧೈರ್ಯವಾಗಿ ವಿಸಿಲು ಊದಿದೆ. ಅದು ಓಡಿಬಂದು ವಿಸಿಲಿನ ದಾರವನ್ನು ಕಚ್ಚಿ ಜೋತಾಡಿತು. ಭಾವ ಮಂಚದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೇಷ್ಟ್ರೇ, ಅಸೆಂಬ್ಲಿ ಮುಗೀತಾ?”

ಅದಕ್ಕೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕೆಂಬುದೂ ತೀರ್ಮಾನವಾಗಿರಲಿಲ್ಲ. ಆ ಮನೆಯಲ್ಲಿ ಮನುಷ್ಯರ ಜೊತೆ ಕನ್ನಡ, ಹಸುಗಳ ಜೊತೆ ತೆಲುಗು. ನಾಯಿ ಯಾವ ಪಂಗಡ? ನಾನು “ಕೂತ್ಕೋ” ಎನ್ನುತ್ತಿದ್ದೆ. ಅಕ್ಕ “ಕೂಚೋ” ಎನ್ನುತ್ತಿದ್ದಳು. ಭಾವ ಹುಳುಗಳಿಗೆ ಹೇಳುವಂತೆ ಏನೂ ಹೇಳುತ್ತಿರಲಿಲ್ಲ. ಚಾಕಿ ನಿಂತೇ ಇತ್ತು.

ಸಂಜೆಯಾದರೆ ಅದಕ್ಕೆ ದೆವ್ವ ಹಿಡಿದಂತಾಗುತ್ತಿತ್ತು. ಜಗಲಿಯ ಈ ತುದಿಯಿಂದ ಆ ತುದಿಗೆ ಹುಚ್ಚು ಓಟ, ಸಿಕ್ಕಿದವರ ಕೈಕಾಲಿಗೆಲ್ಲ ಹಲ್ಲು. ಇನ್ನಷ್ಟು ಓಡಿಸಿದರೆ ಸುಸ್ತಾದೀತೆಂದು ನಾನು ಅಂಗಳದಲ್ಲಿ ಹತ್ತು ಸುತ್ತು ಹಾಕಿಸಿದೆ. ಸುಸ್ತಾದವನು ನಾನು! ಅದು ಇನ್ನೂ ಜೋರಾಗಿ ಕಚ್ಚಿತು.

“ಅಯ್ಯೋ ದಡ್ಡಾ,” ಎಂದರು ಭಾವ. “ಅದು ಜ್ವರಕ್ಕೆ ಕೂರೋ ಹೊತ್ತು. ಹುಳುನೂ ಹಂಗೇ, ಕೂರೋ ಮುಂಚೆ ಅತಿಯಾಗಿ ತಿನ್ನಲ್ವಾ? ಬೆಳಕು ತೆಗಿ, ಸದ್ದು ನಿಲ್ಲಿಸು.”

ಎದ್ದುಹೋಗಿ ಹಗ್ಗದ ಮೇಲೆ ಗೋಣಿ ತಾಟು ಇಳಿಬಿಟ್ಟು ಮೂಲೆಯೊಂದನ್ನು ಕತ್ತಲು ಮಾಡಿದರು. ಮರಿಯನ್ನು ಒಳಗೆ ಬಿಟ್ಟು, ಬಾಯಿಗೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸಿದರು. ನಂಬುತ್ತೀರೋ ಇಲ್ಲವೋ, ಐದು ನಿಮಿಷದಲ್ಲಿ ಗೊರಕೆ! ನಿದ್ದೆಗೆಟ್ಟ ಮಗು ರಚ್ಚೆ ಹಿಡಿಯುವಂತೆ ಅದೂ ನಿದ್ದೆ ಸಾಲದೆ ಕಚ್ಚುತ್ತಿತ್ತು. ದಿನಕ್ಕೆ ನಾಲ್ಕು ‘ಜ್ವರ’ ಎಂದು ಭಾವ ಗೊತ್ತುಮಾಡಿದರು. ನಾನು ಹೊಸ ವೇಳಾಪಟ್ಟಿಯಲ್ಲಿ ಹಾಗೆಯೇ ಬರೆದೆ.

ಜಗಿಯುವುದು ಅರ್ಧ ಕಮ್ಮಿಯಾಯಿತು. ಕಚ್ಚುವುದು ಉಳಿಯಿತು. ಚುಚ್ಚುಮದ್ದು ಹಾಕಲು ಬಂದ ಪಶುವೈದ್ಯರು ಉಪಾಯ ಹೇಳಿದರು: “ಹಲ್ಲು ತಾಕಿದ ಕೂಡಲೇ ‘ಅಯ್ಯೋ’ ಅಂತ ಕೂಗಿ. ಆಟ ನಿಲ್ಲಿಸಿ ಮುಖ ತಿರುಗಿಸಿ. ನೋಯುತ್ತೆ ಅಂತ ಅದಕ್ಕೆ ಗೊತ್ತಾಗಬೇಕು.”

ಅಕ್ಕನ ಮೊದಲ ‘ಅಯ್ಯೋ’ಗೆ ಎದುರುಮನೆಯಾಕೆ ಹಾಲಿನ ಕ್ಯಾನಿನ ಸಮೇತ ಓಡಿಬಂದಳು. “ಏನಾಯ್ತಕ್ಕಾ? ಅಣ್ಣಂಗೇನಾದ್ರೂ...?”

“ಏನಿಲ್ಲಮ್ಮಾ, ನಾಯಿಗೆ ಪಾಠ ಹೇಳ್ತಿದೀನಿ.”

ನಾಲ್ಕೇ ದಿನದಲ್ಲಿ ಚಾಕಿ ಅಕ್ಕನ ಕೈಯನ್ನು ನೆಕ್ಕಲು ಕಲಿಯಿತು. ನನ್ನ ಕೈಯನ್ನೂ ಬಿಟ್ಟಿತು. ಭಾವನ ಪಾದವನ್ನು ಮಾತ್ರ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಅಲ್ಲಿ ‘ಅಯ್ಯೋ’ ಇಲ್ಲವೇ ಇಲ್ಲವಲ್ಲ! ಇಡೀ ಮನೆಯಲ್ಲಿ ಎಷ್ಟು ಕಚ್ಚಿದರೂ ನೋಯದ ಜಾಗ ಅದೊಂದೇ ಎಂದು ಅದು ತೀರ್ಮಾನಿಸಿತ್ತು. ಕಾಲುಚೀಲ ಹಾಕಿಸಿದೆವು. ಮೂರು ಜೊತೆ ತಿಂದಿತು.

ಹುಳುಗಳು ಚಂದ್ರಿಕೆಗೆ ಏರಿ ಗೂಡು ಕಟ್ಟಿದವು. ಬಿಡಿಸಲು ಇನ್ನು ಮೂರೇ ದಿನ ಎನ್ನುವಾಗ, ಭಾವ ಸೊಪ್ಪಿನ ರೇಟಿನ ಬಗ್ಗೆ ನನಗೆ ಭಾಷಣ ಬಿಗಿಯುತ್ತಿದ್ದರು. ಅಕ್ಕ ಕಾಫಿ ತಂದವಳು ನೆಲ ನೋಡಿದಳು. ಮಂಚದಿಂದ ಬಾಗಿಲವರೆಗೆ ಸಣ್ಣ ಸಣ್ಣ ಕೆಂಪು ಹೆಜ್ಜೆಗಳು. ಭಾವನ ಹೆಬ್ಬೆರಳಿನ ಪಕ್ಕ ರಕ್ತ. ಅವರು ಇನ್ನೂ ಸೊಪ್ಪಿನ ರೇಟಿನಲ್ಲೇ ಇದ್ದರು.

ಅಕ್ಕ ಕೂಗಾಡಿದ್ದರೆ ಸಮಾಧಾನವಿರುತ್ತಿತ್ತು. ಅವಳು ಕಾಫಿ ಲೋಟ ಕೆಳಗಿಟ್ಟು ಗಾಯ ತೊಳೆದಳು. ಕೋಲಾರಕ್ಕೆ ಹೋಗಿ ಕಟ್ಟು ಹಾಕಿಸಿಕೊಂಡು ಬಂದೆವು. “ಪುಣ್ಯಕ್ಕೆ ಮೇಲಿನ ಚರ್ಮ ಅಷ್ಟೇ” ಎಂದರು ಡಾಕ್ಟ್ರು. ಮನೆಗೆ ಬಂದವಳೇ ಅಕ್ಕ ಗೂಡು ಸಾಗಿಸುವ ಆಟೋದವನಿಗೆ ಫೋನು ಮಾಡಿ, “ಒಂದು ನಾಯಿಮರಿನೂ ಇದೆ, ಮಾಲೂರಿಗೆ” ಎಂದಳು.

ಭಾವ ಮರುದಿನ ಬೆಳಿಗ್ಗೆ ನನಗೊಬ್ಬನಿಗೇ ಕೇಳಿಸುವಂತೆ ಹೇಳಿದರು: “ಅವಳದ್ದು ತಪ್ಪಿಲ್ಲ ಕಣಯ್ಯಾ. ಆದ್ರೆ ಇದು ಬಂದ ಮೇಲೆ ನಾನು ತೋಟದ ಬಾವಿ ತನಕ ಹೋಗಿದ್ದೆ. ಎರಡು ವರ್ಷ ಆಗಿತ್ತು ಬಾವಿ ನೋಡಿ.”

ನಾನು ಕುರ್ಚಿಯನ್ನು ಎಳೆದುಕೊಂಡು ಅವರ ಪಾದಗಳ ಪಕ್ಕ ಹಾಕಿದೆ.

“ಇದೇನಯ್ಯಾ?”

“ಡ್ಯೂಟಿ,” ಎಂದೆ.

ಕಟ್ಟು ಹಾಕಿದ ಪಾದಕ್ಕೆ ಬೂಟು ಹಾಕಿಸಿ ಮಂಚದ ಮೇಲಿಟ್ಟೆ. ಬರಿಯ ಪಾದವೊಂದು ಕೆಳಗಿತ್ತು. ಚಾಕಿ ಬಂತು, ಬಾಯಿ ಹಾಕಿತು. ಹಲ್ಲು ಚರ್ಮಕ್ಕೆ ತಾಗಿತೋ ಇಲ್ಲವೋ, ನಾನು ಗಂಟಲು ಹರಿಯುವಂತೆ “ಅಯ್ಯೋ!” ಎಂದೆ. ಚಾಕಿ ಹೌಹಾರಿ ನನ್ನ ಮುಖ ನೋಡಿತು. ಭಾವ ಅದಕ್ಕಿಂತ ಹೆಚ್ಚು ಹೌಹಾರಿದರು.

“ಕಚ್ಚಿದ್ದು ನನ್ನ ಕಾಲಲ್ವೇನಯ್ಯಾ?”

“ಹೂಂ. ಕಾಲು ಹಿಂದಕ್ಕೆ ತಗೊಳ್ಳಿ, ಮುಖ ತಿರುಗಿಸಿ.”

ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಊಟವನ್ನೂ ಆ ಕುರ್ಚಿಯಲ್ಲೇ ಮಾಡಿದೆ. ಸ್ನಾನದ ಸಮಯ ತಪ್ಪಿತು, ಪತ್ರಿಕೆ ಓದುವ ಸಮಯ ತಪ್ಪಿತು. ಎಪ್ಪತ್ತರ ಹತ್ತಿರದ ನಿವೃತ್ತ ಡ್ರಿಲ್ ಮೇಷ್ಟ್ರು ಹಾಡುಹಗಲೇ ಅಯ್ಯೋ ಅಯ್ಯೋ ಎನ್ನುವುದನ್ನು ಕೇಳಿ ಎದುರುಮನೆಯಾಕೆ ಕ್ಯಾನು ಹಿಡಿದು ಬರುವುದನ್ನೂ ನಿಲ್ಲಿಸಿದಳು. ಮೊದಲ ದಿನ ನಲವತ್ತು ಸಲವಾದರೂ ಕೂಗಿರಬೇಕು. ಎರಡನೇ ದಿನ ಗಂಟಲು ಕಟ್ಟಿತು. ಅಕ್ಕ ಮುಖ ಗಂಟಿಕ್ಕಿಕೊಂಡೇ ಮೆಣಸಿನ ಕಷಾಯ ತಂದುಕೊಟ್ಟಳು. ಮೂರನೇ ದಿನ ಮಧ್ಯಾಹ್ನದವರೆಗೆ ಎರಡೇ ಸಲ.

ಸಂಜೆ ಗೂಡಿನ ಚೀಲಗಳು ಆಟೋ ಏರಿದವು. ಆಟೋದವನು, “ಅಕ್ಕಾ, ನಾಯಿಮರಿ?” ಎಂದ.

ಅಕ್ಕ ಜಗಲಿಯ ಕಡೆ ತಿರುಗಿದಳು. ಆಗಲೇ ಚಾಕಿ ಆಕಳಿಸುತ್ತಾ ಭಾವನ ಬರಿಯ ಪಾದದ ಹತ್ತಿರ ಬರುತ್ತಿತ್ತು. ಬಾಯಿ ತೆರೆಯಿತು. ನಾನು ‘ಅಯ್ಯೋ’ಗೆ ಸಿದ್ಧನಾದೆ. ಅದು ನನ್ನ ಮುಖವನ್ನೊಮ್ಮೆ ನೋಡಿತು. ಆಮೇಲೆ ಬಾಯಿ ಮುಚ್ಚಿ, ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು.

ಅಕ್ಕ ಆಟೋದವನ ಕಡೆ ತಿರುಗಿದಳು. “ಗೂಡಷ್ಟೇ ತಗೊಂಡು ಹೋಗಪ್ಪಾ,” ಎಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದಳು.

ಭಾವ ಬೀದಿಯನ್ನೇ ನೋಡುತ್ತಾ ಕೂತಿದ್ದರು. ಆಟೋದ ಸದ್ದು ದೂರವಾದ ಮೇಲೆ ಮೆಲ್ಲಗೆ ಕೇಳಿದರು.

“ನನ್ನ ಕಾಲ ಮೇಲೇ ಮಲಗಿದೆಯೇನಯ್ಯಾ?”

“ಹೂಂ, ಭಾವ.”

“ಹೆಂಗಿದೆ?”

ನಾನು ಕುರ್ಚಿಯಿಂದ ಬಗ್ಗಿ, ಮರಿಯ ಗದ್ದಕ್ಕೂ ಅವರ ಪಾದಕ್ಕೂ ನಡುವೆ ನನ್ನ ಅಂಗೈಯನ್ನು ಮೆಲ್ಲಗೆ ತೂರಿಸಿದೆ.

“ಬೆಚ್ಚಗಿದೆ, ಭಾವ.”