ಭಾವನ ಕಾರಿನ ಬ್ರೇಕ್ ಆಯಿಲ್

ಶಿರಸಿಯಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವನ ಹಣೆಯಲ್ಲಿ ನೆಮ್ಮದಿ ಬರೆದಿರುವುದಿಲ್ಲ. ದಿನವಿಡೀ ಬೇರೆಯವರು ಕಾರು ಓಡಿಸುತ್ತಾರೆ, ನಾನು ಎಡಗಡೆ ಕೂತು, ನನ್ನ ಕಡೆಗಿರುವ ಬ್ರೇಕಿನ ಮೇಲೆ ಕಾಲಿಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ಮನೆಗೆ ಬಂದ ಮೇಲೂ ಆ ಕಾಲು ಸುಮ್ಮನಿರುವುದಿಲ್ಲ. ಹೆಂಡತಿ ಸಾರಿನ ಪಾತ್ರೆ ಹಿಡಿದು ಸ್ವಲ್ಪ ಜೋರಾಗಿ ಬಂದರೂ ಮೇಜಿನಡಿ ನೆಲ ಒತ್ತುತ್ತೇನೆ. ಇಂಥವನಿಗೆ ವಜ್ರಳ್ಳಿಯ ಭಾವನಂಥ ಭಾವ ಸಿಕ್ಕಿದರೆ ಏನಾದರೊಂದು ಆಗುತ್ತಲೇ ಇರುತ್ತದೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ; ಅವನಿಗೆ ನಾನೂ ಭಾವನೇ. ಈಚೆಗೆ ಒಂದು ಹಳೇ ಕಾರು ಕೊಂಡ. ನಾನು ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕಪ್ಪಗಾಗಿತ್ತು. ಅದೇ ಕಾರಿನಲ್ಲಿ ಅತ್ತೆ, ನನ್ನ ಹೆಂಡತಿ, ನಾನು, ಎಲ್ಲರೂ ಅರಬೈಲು ಘಟ್ಟ ಇಳಿದು ಅಂಕೋಲೆಯ ಮದುವೆಗೆ ಹೋಗುವುದೆಂದು ಆಗಲೇ ನಿಶ್ಚಯವಾಗಿತ್ತು. ಹಳೇ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಂಡಿರುತ್ತದೆ. ಘಟ್ಟದಲ್ಲಿ ಬ್ರೇಕ್ ಒತ್ತಿ ಒತ್ತಿ ಕಾದರೆ ಆ ನೀರು ಕುದಿದು ಆವಿಯಾಗುತ್ತದೆ. ಆಮೇಲೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆಯಿಲ್ ಬದಲಿಸು ಎಂದು ಭಾವನಿಗೆ ಹೇಳಿ ಬಂದೆ.

ಯಾವ ಜೇನು?

ಭಾವ ಫೋನ್ ಮಾಡಿದ. "ಆಯಿಲ್ ಬದಲ್ಸವು ಹೇಳಿ ಗೊತ್ತಾಗೂದು ಹೆಂಗೆ?"

"ಬಣ್ಣ ನೋಡು ಭಾವಾ. ಹೊಸದು ಜೇನುತುಪ್ಪದ ಹಂಗೆ ಇರ್ತು. ಕಪ್ಪಾದ್ರೆ ಬದಲ್ಸೂದು."

"ಯಾವ ಜೇನು?"

"ಯಾವ ಜೇನು ಅಂದ್ರೆ ಎಂತ?"

"ತುಡುವೆಯ, ಹೆಜ್ಜೇನ, ಮಿಸರಿಯ?"

ಕಾರಿನಲ್ಲಿ ಕಲಿಯುವವರೊಬ್ಬರು ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದರು. ನಾನು "ತುಡುವೆ" ಎಂದೆ.

"ತುಡುವೆಯೂ ಒಂದೇ ನಮೂನೆ ಇರ್ತಿಲ್ಲೆ. ಯಾವ ಹೂವಿಂದು?"

ನಾನು ಫೋನ್ ಇಟ್ಟೆ. ಸಂಜೆ ಅವನೇ ಫೋಟೋ ಕಳಿಸಿದ. ತೆರೆದ ಬಾನೆಟ್, ಆಯಿಲ್ ಡಬ್ಬಿ, ಅದರ ಪಕ್ಕಕ್ಕೆ ಸಾಲಾಗಿ ಮೂರು ಜೇನಿನ ಬಾಟಲಿ, ಕಡೆಯ ಮಿಸರಿಯದು ಕಪ್ಪಗೆ. ಹಿಂದೆಯೇ ಅವನ ದನಿ: "ನಂದು ಮಿಸರಿಗೆ ಸರೀ ಹೊಂದ್ತು ಭಾವಾ. ಮಿಸರಿ ಎಲ್ಲಕ್ಕಿಂತ ತುಟ್ಟಿ, ಔಷಧಿಗೆ ಆಗೂದು. ಬದಲ್ಸೂಲೆ ನಂಗೆಂತ ಹುಚ್ಚಾ?"

ಹಪ್ಪಳದ ಪಕ್ಕ

ಸುಮ್ಮನೆ ಕೂರಲಾಗದೆ ನಾನೇ ವಜ್ರಳ್ಳಿಗೆ ಹೋದೆ. ಭಾವ ಕಪಾಟಿನಿಂದ ಅರ್ಧ ಖಾಲಿಯಾದ ಬ್ರೇಕ್ ಆಯಿಲ್ ಬಾಟಲಿ ತೆಗೆದ. ಇದಕ್ಕೂ ಮೊದಲಿದ್ದ ಕಾರಿನ ಕಾಲದ್ದು. ಮುಚ್ಚಳ ಕಳೆದುಹೋಗಿ, ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಬಾಯಿಗೆ ಬಟ್ಟೆ ಕಟ್ಟಿತ್ತು. ಇದನ್ನೇ ಹಾಕಿದರಾಯಿತು ಎಂದ.

"ಇದು ಆಗ್ತಿಲ್ಲೆ ಭಾವಾ. ಬಾಯಿ ತೆಗೆದದ್ದು ಥಂಡಿ ಎಳ್ಕಂಡಿರ್ತು" ಎಂದೆ.

ಒಳಗಿನಿಂದ ಅತ್ತೆ ಬಂದರು. "ಥಂಡಿ ಎಳ್ಕಂಡಿದ್ದನ?" ಎಂದು ಕೇಳಿ, ಬಾಟಲಿ ಮೂಸಿ, ತೆಗೆದುಕೊಂಡು ಹೋದರು. ಮನೆಯಲ್ಲಿ ಒಬ್ಬರಿಗಾದರೂ ಅರ್ಥವಾಯಿತು, ಚೆಲ್ಲಲು ಒಯ್ದರು ಎಂದು ನನಗೆ ಸಮಾಧಾನವಾಯಿತು. ಕಷಾಯ ಕುಡಿದು ಅಂಗಳಕ್ಕೆ ಬಂದೆ. ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಹಪ್ಪಳದ ಪಕ್ಕ, ಬಟ್ಟೆ ಬಿಚ್ಚಿದ ಬಾಟಲಿ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿತ್ತು.

"ಎರಡು ಬಿಸಿಲು ತಾಗಿದ್ರೆ ಸರಿ ಆಗ್ತು" ಎಂದು ಅತ್ತೆ ನನ್ನ ಕೈಗೆ ಕೋಲು ಕೊಟ್ಟರು. "ಕಾಗೆ ಬಂದ್ರೆ ಓಡ್ಸಿ."

ನಾನು ಕೂತು ಕಾಗೆ ಓಡಿಸಿದೆ.

ಕೆಂಪು ದೀಪ

ಮದುವೆಯ ಬೆಳಿಗ್ಗೆ ನಾವು ಶಿರಸಿಯಿಂದ ಸ್ಕೂಲಿನ ಕಾರಿನಲ್ಲಿ, ಅವರು ವಜ್ರಳ್ಳಿಯಿಂದ ತಮ್ಮ ಕಾರಿನಲ್ಲಿ ಯಲ್ಲಾಪುರಕ್ಕೆ ಬಂದೆವು. ನಾನು ಹಟ ಹಿಡಿದು ಭಾವನ ಕಾರನ್ನು ಗ್ಯಾರೇಜಿಗೆ ತಿರುಗಿಸಿದೆ. ಮುಂಡಗೋಡ ಕಡೆಯ ಮೆಕ್ಯಾನಿಕ್ ಪೆನ್ನಿನಂಥದೊಂದನ್ನು ಆಯಿಲಿನಲ್ಲಿ ಅದ್ದಿದ. ಹಸಿರು ದೀಪ ಹತ್ತಿದರೆ ಸರಿ, ಕೆಂಪು ಹತ್ತಿದರೆ ನೀರು ಹೆಚ್ಚು. ಕೆಂಪು ಹತ್ತಿತು.

"ಬದಲಿ ಮಾಡಸ್ರಿ. ಒಂದು ತಾಸಿನ ಕೆಲಸ ಐತ್ರಿ" ಎಂದ.

ಭಾವ ಒಪ್ಪಲಿಲ್ಲ. ಮುಹೂರ್ತ ತಪ್ಪುತ್ತದೆ, ಮೇಲಾಗಿ ಪೆನ್ನೇ ಹಾಳಾಗಿರಬೇಕು ಎಂದ. "ಬೇಕಾದ್ರೆ ನಮ್ಮ ಭಾವನ ಕಾರು ನೋಡಿ. ಊರಿಗೇ ಕಲಿಸೋರು ಅವರು. ಅಲ್ಲಿ ಹಸಿರು ಬಂದ್ರೆ ನಾನು ಒಪ್ತೆ."

ನಾನು ಎದೆ ಸೆಟೆಸಿ ಬಾನೆಟ್ ಎತ್ತಿದೆ. ಮೆಕ್ಯಾನಿಕ್ ಪೆನ್ನು ಅದ್ದಿ, ದೀಪ ನೋಡಿ, ನನ್ನ ಮುಖ ನೋಡಿ, "ಸರ್, ನಿಮ್ಮದು ಮೊದಲ ಮಾಡೂಣ್ರಿ?" ಎಂದ.

ಬಸ್ಸಿನಲ್ಲಿ

ಅತ್ತೆ ಎದ್ದರು. "ಇಬ್ಬರ ಕಾರೂ ಬ್ಯಾಡ. ಬಸ್ಸಿಗೆ ಹೋಪನ" ಎಂದು ಬಸ್‌ಸ್ಟ್ಯಾಂಡಿಗೆ ನಡೆದೇಬಿಟ್ಟರು. ಅಂಕೋಲೆ ಬಸ್ಸು ನಿಂತಿತ್ತು. ಡ್ರೈವರ್ ಹಿಂದಿನ ಸೀಟು ಹಿಡಿದು ಕೂತ ಕೂಡಲೇ ಅತ್ತೆ ಮುಂದೆ ಬಾಗಿದರು.

"ತಮಾ, ಇದರ ಬ್ರೇಕ್ ಆಯಿಲ್ ಬದಲ್ಸಿ ಎಷ್ಟು ದಿನ ಆತು?"

"ಇದಕ್ಕೆ ಆಯಿಲ್ ಇಲ್ಲ ಅಮ್ಮಾ. ಗಾಳಿ ಬ್ರೇಕು" ಎಂದ ಡ್ರೈವರ್.

"ಬರೇ ಗಾಳಿಯಾ?"

"ಬರೇ ಗಾಳಿ."

ಅತ್ತೆ ಕೈಚೀಲ ಎತ್ತಿಕೊಂಡರು. ಗಾಳಿ ಬ್ರೇಕ್ ಗಟ್ಟಿ, ದೊಡ್ಡ ಗಾಡಿಗಳಿಗೆಲ್ಲ ಅದೇ ಎಂದು ನಾನು ವಿವರಿಸಹೋದೆ. ಕೆಂಪು ದೀಪದವನ ಮಾತು ಯಾರು ಕೇಳುತ್ತಾರೆ? ಭಾವನೂ ಹೇಳಿದ. "ಆಯೀ, ಎಲ್ಲಾ ಬಸ್ಸೂ ಹಿಂಗೇ. ಇಷ್ಟು ವರ್ಷ ಹೋಜಿಲ್ಯಾ?"

"ಗೊತ್ತಿಲ್ದೇ ಹೋದದ್ದು ಬೇರೆ" ಎಂದು ಅತ್ತೆ ಇಳಿದರು. ಗ್ಯಾರೇಜಿಗೆ ವಾಪಸು ಬಂದು ಮೆಕ್ಯಾನಿಕ್‌ಗೆ, "ಇವನ ಕಾರಿನ ಎಣ್ಣೆ ಬದಲ್ಸು. ಗಾಳಿಗಿಂತ ಎಣ್ಣೆ ಅಡ್ಡಿಲ್ಲೆ" ಎಂದರು. ಎಷ್ಟೋ ದಿನ ನನಗೆ ಬಗ್ಗದ ಭಾವ ಕೀ ಕೊಟ್ಟು ಬೆಂಚಿನ ಮೇಲೆ ಕೂತ. ಸ್ಕೂಲಿನ ಕಾರನ್ನು ಅಲ್ಲೇ ಬಿಟ್ಟು, ಎಲ್ಲರೂ ಭಾವನ ಕಾರಿನಲ್ಲಿ ಘಟ್ಟ ಇಳಿದೆವು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಿತ್ತು. ನನ್ನ ಕಾಲು ಮೊದಲ ಸಲ ಸುಮ್ಮನಿತ್ತು.

ಮುಹೂರ್ತ ತಪ್ಪಿತು, ಊಟ ಸಿಕ್ಕಿತು. ಪಂಕ್ತಿಯಲ್ಲಿ ಯಾರೋ ತಡವಾದದ್ದೇಕೆ ಎಂದು ಕೇಳಿದರು. ಅತ್ತೆ ಸಾವಕಾಶವಾಗಿ ಹೇಳಿದರು. "ಬಸ್ಸಿಗೆ ಬೇಗ ಬರ್ಲಾಗಿತ್ತು. ಆದ್ರೆ ಅದರ ಬ್ರೇಕಿನಲ್ಲಿ ಎಂತದೂ ಇಲ್ಲೆ, ಬರೇ ಗಾಳಿ. ಡ್ರೈವರೇ ಹೇಳಿದ."

ಬಸ್ಸಿಗೆ ಬಂದಿದ್ದವರೆಲ್ಲ ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ಸಂಜೆ ಹೊರಡುವಾಗ ಭಾವನ ಕಾರಿನ ತುಂಬ ಅವರೇ ಕೂತಿದ್ದರು, ಇಬ್ಬರು ಮಕ್ಕಳು ಅತ್ತೆಯ ತೊಡೆಯ ಮೇಲೆ, ನನ್ನ ಹೆಂಡತಿ ಒಂದು ಮೂಲೆಯಲ್ಲಿ; ನನಗೆ ಜಾಗ ಉಳಿದಿರಲಿಲ್ಲ. ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಭಾವಾ, ನಿಂಗೆ ಹೆಂಗೂ ಗಾಳಿ ಬ್ರೇಕಿನ ಮೇಲೆ ನಂಬಿಕೆ ಇದ್ದು" ಎಂದು ಹೇಳಿ ಕಾರು ಬಿಟ್ಟ.