ಮಂಟಪದ ಅಡಿಯ ಒಂದು ಮೀಟರ್

ನಮ್ಮೂರ ಮೇಯರ್ ಸಾಹೇಬರು ಅಳತೆ ತಪ್ಪಿ ಹಾಸಿ ಕಿತ್ತುಹೋದ ಚೌಕದ ನೆಲ ಮುಚ್ಚಲು ಸನ್ಮಾನದ ವೇದಿಕೆ ಹಾಕಿಸಿ, ಮೂರು ತಿಂಗಳಾದರೂ ತೆಗೆಸದಿದ್ದಾಗ ಅಂಕಣದಲ್ಲಿ ಅವರನ್ನು ಅಟ್ಟಾಡಿಸಿ ಬಡಿದವನು ನಾನು. 'ಅಳತೆ ಬಾರದವರು ಆಳಬಾರದು!' ಎಂಬ ನನ್ನ ತಲೆಬರಹವನ್ನು ನಿಕರಾಗುವಾದ ಜನ ಮೀನಿನ ಪೊಟ್ಟಣ ಬಿಚ್ಚಿಯೂ ಓದಿದರು.

ಇಂಥ ನಾನು ನಮ್ಮ ಹಜಾರದ ಟೈಲ್ಸ್ ಲೆಕ್ಕಕ್ಕೆ ಮೇಸ್ತ್ರಿಯನ್ನು ಕರೆಯುವುದುಂಟೇ? ಟೇಪು ಹಿಡಿದು ನಾನೇ ಇಳಿದೆ. ಡಿಸೆಂಬರ್ ಏಳರ ಹಬ್ಬದ ಸಂಜೆ ಬೀದಿಯ ಜನವೆಲ್ಲ ಮನೆಮನೆಗೆ ಬಂದು, ಯೇಸುವಿನ ತಾಯಿ ಮರಿಯಮ್ಮನ ಮುಂದೆ ಹಾಡಿ, ಕಬ್ಬು, ನಿಂಬೆ, ಬೆಲ್ಲದ ಕುಂಬಳ ಪಡೆದು ಹೋಗುತ್ತಾರೆ. ಹದಿನೇಳು ವರ್ಷ ಅವರನ್ನು ಬಿರುಕು ಸಿಮೆಂಟಿನ ಮೇಲೆ ನಿಲ್ಲಿಸಿ ನಾಚಿದ್ದ ನನ್ನಾಕೆ ದೊಮಿತಿಲಾ, ಈ ಸಲ ಹೂಚಿತ್ತಾರದ ಟೈಲ್ಸ್ ನೆಲದ ಮೇಲೆಯೇ ಹಬ್ಬ ಎಂದು ಹಟ ಹಿಡಿದಿದ್ದಳು.

ಅಗಲ ನಾಲ್ಕು ಮೀಟರ್, ಉದ್ದ ನಾಲ್ಕು. ಚದರ ಮೀಟರಿಗೆ ಇಪ್ಪತ್ತೈದರಂತೆ ನಾನೂರು! ಕೆಲವು ಒಡೆದುಹೋಗುತ್ತವೆ, ನಲವತ್ತು ಹೆಚ್ಚಿಗೆ ಇರಲಿ ಎಂದ ಕಾರ್ಖಾನೆಯವನಿಗೆ, ಆ 'ಹೆಚ್ಚಿಗೆ'ಯೇ ಭ್ರಷ್ಟಾಚಾರದ ಬೀಜ ಎಂದು ಭಾಷಣ ಬಿಗಿದು ಬಂದೆ.

ಡಿಸೆಂಬರ್ ಆರರಂದು ನೆಲ ಹಾಸುತ್ತ ಬಂದ ಮೇಸ್ತ್ರಿ ನಿಕನೋರ್, ಹಿಂಬದಿ ಗೋಡೆಗೆ ಇನ್ನೂ ಒಂದು ಮೀಟರ್ ಇರುವಾಗಲೇ ಕೈ ತೊಳೆದ.

"ಟೈಲ್ಸ್ ಮುಗೀತು ಯಜಮಾನ್ರೇ."

"ಕೋಣೆ ಮುಗಿದಿಲ್ವಲ್ಲಯ್ಯ!"

"ನೀವು ಅಳೆದಾಗ ಇಲ್ಲೇನಿತ್ತು?"

ಮರಿಯಮ್ಮನ ಮಂಟಪವಿತ್ತು! ದೊಮಿತಿಲಾ ಅದನ್ನು ಅಕ್ಟೋಬರಿನಲ್ಲೇ ಗೋಡೆಯಿಂದ ಗೋಡೆಗೆ ಕಟ್ಟಿಬಿಡುತ್ತಾಳೆ. ನಿಕನೋರ್ ಕೆಲಸಕ್ಕೆಂದು ಈಗಷ್ಟೇ ಅಂಗಳಕ್ಕೆ ಎತ್ತಿಡಿಸಿದ್ದ. ತಾಯಿ ಕೂತ ಮೇಲೆ ಅವಳ ಪಾದದಡಿ ಟೇಪು ತೂರಿಸುವ ಎದೆ ಈ ಊರಲ್ಲಿ ಯಾರಿಗಿದೆ? ನಾನು ಮಂಟಪದ ಅಂಚಿನವರೆಗೆ ಅಳೆದು, ಶಿಲುಬೆ ಗುರುತು ಹಾಕಿಕೊಂಡು ಎದ್ದಿದ್ದೆ.

ಉಳಿದ ನೂರು ಟೈಲ್ಸ್ ಕೈಯಲ್ಲೇ ಅಚ್ಚೊತ್ತಬೇಕು, ಫೆಬ್ರವರಿಗೆ ಬನ್ನಿ ಎಂದಿತು ಕಾರ್ಖಾನೆ. ತಲೆ ಮೇಲೆ ಕೈ ಹೊತ್ತು ಕೂತೆ. ದೊಮಿತಿಲಾ ಬೈಯಲಿಲ್ಲ. ಮಂಟಪವನ್ನು ಮತ್ತೆ ಆ ಬೋಳು ಪಟ್ಟಿಯ ಮೇಲೇ ಕೂರಿಸಿ, "ಏಳ್ರೀ, ನಿಂಬೆ ತೊಳೀರಿ" ಎಂದಳು.

ಮರುಸಂಜೆ ಜನ ಅರ್ಧ ಹಾಡಿಗೇ ನಿಲ್ಲಿಸಿ ಹೊಸ ನೆಲವನ್ನು ಬೆರಗಾಗಿ ನೋಡಿದರು. ಬಾಗಿಲಲ್ಲಿ ಕಬ್ಬು ಹಂಚುತ್ತಿದ್ದ ಅವಳ ಅರಳಿದ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಈಗ ಜನವರಿ. ಊರಿನ ಮಂಟಪಗಳೆಲ್ಲ ಅಟ್ಟ ಸೇರಿವೆ. ನಮ್ಮದು ಕೂತೇ ಇದೆ. ಮೊನ್ನೆ ಬಂದ ಪಾದ್ರಿಗಳು, ಇಂಥ ಭಕ್ತಿ ಊರಲ್ಲೇ ಇಲ್ಲವೆಂದು ನನ್ನ ಬೆನ್ನು ತಟ್ಟಿದರು. ನನ್ನ ಆತ್ಮಸಾಕ್ಷಿ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ದೊಮಿತಿಲಾ ಕಾಫಿ ತಂದಳು.

"ಇವರೂ ನಮ್ಮ ಮೇಯರ್ ಥರಾನೇ ಸ್ವಾಮಿ. ಒಂದ್ಸಲ ಹಾಕಿದ್ದನ್ನ ಅಷ್ಟು ಬೇಗ ತೆಗ್ಸಲ್ಲ."