ಗಂಟಿಲ್ಲದ ಕುಣಿಕೆ

ಶಶಿಕುಮಾರ್ ಮೊದಲು ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಕಾಫಿ ಸಿಪ್ಪೆಯ ಗುಡ್ಡೆಯಲ್ಲಿ ಅಂಗಾತ ಬಿದ್ದುಕೊಂಡು, ಬಾಯಲ್ಲಿದ್ದ ಸಿಪ್ಪೆಯನ್ನು ಉಗಿಯುತ್ತ ಹೇಳಿದ್ದು.

ಹೋದ ವರ್ಷ ಮರಗಸಿ ನಡೆಯುತ್ತಿದ್ದ ದಿನಗಳು. ಕಾಫಿ ಗಿಡಗಳಿಗೆ ಬಿಸಿಲು ಬೀಳಲೆಂದು ನೆರಳು ಮರಗಳ ಕೊಂಬೆ ಕಡಿಯುವ ಆ ಕೆಲಸಕ್ಕೆ ನೆಲ್ಯಹುದಿಕೇರಿ ಸುತ್ತಲಿನ ಎಸ್ಟೇಟುಗಳಲ್ಲಿ ಅವನಷ್ಟು ಹೆಸರಾದವನು ಇನ್ನೊಬ್ಬನಿರಲಿಲ್ಲ. ಹೆಸರು ಬಂದಮೇಲೆ ಅಸಡ್ಡೆಯೂ ಬರುತ್ತದೆ. ಅಂದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸೊಂಟಕ್ಕೆ ಕಟ್ಟದೆಯೇ ಸಿಲ್ವರ್ ಮರ ಹತ್ತಿದ್ದ. ಅರ್ಧದಲ್ಲಿ ಯಾಕೋ ಕೆಳಗೆ ನೋಡಿದ, ತಲೆ ಗಿರ್ರೆಂದಿತು, ಬಿದ್ದ. ಮೈಗೆ ಏನೂ ಆಗಲಿಲ್ಲ. ಆದರೆ ಓಡಿಬಂದವರು ಏನಾಯಿತೆಂದು ಕೇಳಿದಾಗ, ತಲೆ ತಿರುಗಿತು ಎನ್ನಲು ಮರಗಸಿ ಶಶಿಗೆ ಬಾಯಿ ಬರಲಿಲ್ಲ. "ಗಂಟು ಬಿಚ್ಕೊಂಡ್ತು" ಎಂದುಬಿಟ್ಟ.

ಅಂದಿನಿಂದ ಸೊಂಟನೋವಿನ ನೆಪ ಹೇಳಿ ಕಳೆ ಕೀಳುವ ಕೆಲಸ ಹಿಡಿದಿದ್ದ. ಹನ್ನೊಂದು ತಿಂಗಳು ಸುಖವಾಗಿಯೇ ಕಳೆದವು. ಆದರೆ ಎಸ್ಟೇಟಿನ ಒಡತಿ ಬೊಳ್ಳಮ್ಮ ಆ ಗಂಟನ್ನು ಮರೆತಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಿರಣ್‌ಕುಮಾರ್ ಶಶಿಯ ಅಂಗಳಕ್ಕೆ ಸ್ಕೂಟರ್ ತಂದು ನಿಲ್ಲಿಸಿ, ಕೆಂಪು ಹಗ್ಗದ ದೊಡ್ಡ ಸುರುಳಿಯೊಂದನ್ನು ಜಗಲಿಯ ಮೇಲೆ ಇಟ್ಟ.

"ನೋಡಪ್ಪ ಶಶಿ, ಅಮ್ಮಾವ್ರು ನಿನಗೋಸ್ಕರವೇ ತರಿಸಿದ್ದು. ಹಗ್ಗದ ಒಳಗೆ ಇನ್ನೊಂದು ಹಗ್ಗ ಉಂಟು, ಎರಡೂ ಹೆಣೆದಿದ್ದು. ಆನೆ ನೇತಾಕಿದ್ರೂ ತಡೀತದಂತೆ. ಆದ್ರೆ ಗಂಟು ಹಾಕಿದ್ರೆ ಅರ್ಧ ಬಲ ಹೋಯ್ತು. ಅದಕ್ಕೆ ತುದೀನ ಹಗ್ಗದ ಒಳಗೇ ತೂರಿಸಿ ಗಂಟಿಲ್ಲದ ಕುಣಿಕೆ ಮಾಡ್ಬೇಕು. ಗಂಟೇ ಇಲ್ಲ ಅಂದ್ಮೇಲೆ ಬಿಚ್ಕೊಳ್ಳೋದೇನು?"

"ಹೆಂಗೆ ಮಾಡೋದು ಸಾರ್?"

"ಅದನ್ನ ನೀನು ಕಲೀಬೇಕು. ಸಂಜೆ ಹೊಳೆಬದಿಯ ಅತ್ತಿಮರ ಹತ್ತಿ ಒಂದು ಕೊಂಬೆ ಕಡಿ. ಫೋಟೋ ತೆಗೆದು ಅಮ್ಮಾವ್ರಿಗೆ ಕಳಿಸ್ತೀನಿ."

ಮತ್ತೆ ಮರವೇ ಎಂದು ಶಶಿ ಹಗ್ಗದಿಂದ ಒಂದು ಹೆಜ್ಜೆ ಹಿಂದೆ ಸರಿದ. ಮರುಕ್ಷಣವೇ ಅವನಿಗೆ ದಾರಿ ಹೊಳೆಯಿತು. ಕುಣಿಕೆ ಆಗದಿದ್ದರೆ ಮರ ಹತ್ತುವ ಪ್ರಶ್ನೆಯೇ ಇಲ್ಲ. ಇಡೀ ನೆಲ್ಯಹುದಿಕೇರಿಯಲ್ಲಿ ಇಂಥದ್ದು ಬಲ್ಲವರು ಯಾರಿದ್ದಾರೆ? ಶ್ರದ್ಧೆಯಿಂದ ಕಲಿಯುತ್ತ, ಶ್ರದ್ಧೆಯಿಂದಲೇ ಕಲಿಯದೆ ಉಳಿದರಾಯಿತು. ಅವನು ಪಂಚೆ ಎತ್ತಿ ಕಟ್ಟಿ ಹಗ್ಗದ ಮುಂದೆ ಕುಳಿತ.

ಆದರೆ ಕಷ್ಟಕ್ಕೆ ಆಗದ ನೆರೆಹೊರೆ ಎಲ್ಲಾದರೂ ಇರಬಹುದು, ಅವನ ಊರಿನಲ್ಲಿ ಇರಲಿಲ್ಲ. ಮೊದಲು ಬಂದವರು ನೇವಿಯಿಂದ ನಿವೃತ್ತರಾದ ಬೆಳ್ಯಪ್ಪ.

"ಸರಿ ಸರಿ, ಏಳು ಅಲ್ಲಿಂದ. ಇಪ್ಪತ್ತು ವರ್ಷ ಹಡಗಲ್ಲಿ ನಾನು ಇದೇ ಮಾಡಿದ್ದು. ಕಣ್ಣು ಮುಚ್ಚಿಕೊಂಡು ಹಾಕ್ತೇನೆ."

ಶಶಿ ಒಲ್ಲದ ಮನಸ್ಸಿನಿಂದ ಎದ್ದು ಜಾಗ ಬಿಟ್ಟ. ಬೆಳ್ಯಪ್ಪ ತುದಿಯನ್ನು ಬಿಚ್ಚಿ ಎಳೆ ಹುಡುಕತೊಡಗಿದರು. ಕಾಲು ಗಂಟೆ ಹುಡುಕಿದರು.

"ಮೂರು ಎಳೆ ಇರ್ಬೇಕಲ್ಲ ಮಾರಾಯ. ಮೂರೆಳೆ ಹುರಿದ ಹಗ್ಗ ಆದ್ರೆ ಒಂದರ ಕೆಳಗೆ ಒಂದು ಸಿಕ್ಕಿಸ್ತಾ ಹೋಗೋದು. ಇದು ಏನಿದು, ಹಗ್ಗವೇ ಅಲ್ಲ."

ಅಷ್ಟರಲ್ಲಿ ಒಂದು ಮಾರು ಹಗ್ಗ ಪೊರಕೆಯಾಗಿತ್ತು. "ಬೇಜಾರು ಮಾಡ್ಕೋಬೇಡಿ ಬೆಳ್ಯಪ್ಪಣ್ಣ, ನಿಮ್ಮಂಥವ್ರ ಕೈಲೇ ಆಗ್ಲಿಲ್ಲ ಅಂದ್ರೆ" ಎಂದು ಶಶಿ ಅವರನ್ನು ಸಮಾಧಾನ ಮಾಡಿದ. ಅಷ್ಟು ಪ್ರೀತಿಯಿಂದ ಅವನು ಯಾರನ್ನೂ ಸಮಾಧಾನ ಮಾಡಿರಲಿಲ್ಲ.

ಹನ್ನೊಂದು ಗಂಟೆಗೆ ಕಿರಣ್‌ಕುಮಾರ್ ಫೋನು ಹಿಡಿದು ಮರಳಿ ಬಂದ. ಅದರಲ್ಲಿ ಗಡ್ಡದವನೊಬ್ಬ ಇಂಗ್ಲಿಷಿನಲ್ಲಿ ಮಾತಾಡುತ್ತ ಕುಣಿಕೆ ಹಾಕುತ್ತಿದ್ದ. ಸಿಗ್ನಲ್ ಬೇಲಿಯ ಹತ್ತಿರ ಮಾತ್ರ ಸಿಗುತ್ತಿತ್ತು. ಕಿರಣ್‌ಕುಮಾರ್ ಬೇಲಿಗೆ ಒರಗಿ ನೋಡಿ ಅಲ್ಲಿಂದಲೇ ಕೂಗಿ ಹೇಳುವುದು, ಬೆಳ್ಯಪ್ಪ ತಿದ್ದುವುದು, ಶಶಿ ಮಾಡುವುದು. ಎರಡು ಮಾರು ಹಿಂದೆ ಒಂದು ಜಾರುಗಂಟು ಹಾಕಬೇಕು, ಇಲ್ಲದಿದ್ದರೆ ಒಳಹಗ್ಗ ಒಳಗೇ ಓಡಿಹೋಗುತ್ತದೆ. ಆಮೇಲೆ ಮೇಲುಹಗ್ಗದ ಹೆಣಿಗೆಯನ್ನು ಸಡಿಲಿಸಿ ಒಳಹಗ್ಗವನ್ನು ಹೊರಗೆಳೆಯಬೇಕು. ಮೇಲಿನದರ ತುದಿಯನ್ನು ಒಳಗಿನದರ ಹೊಟ್ಟೆಗೂ ಒಳಗಿನದರ ತುದಿಯನ್ನು ಮೇಲಿನದರ ಹೊಟ್ಟೆಗೂ ತೂರಿಸಬೇಕು.

ಮೂರು ಸಲ ಒಳಹಗ್ಗ ಹೊರಬಂತು. ಮೂರು ಸಲವೂ ಯಾರೂ ನೋಡದಾಗ ಶಶಿಯ ಕಾಲಿನ ಹೆಬ್ಬೆರಳು ಜಾರುಗಂಟನ್ನು ಬಿಚ್ಚಿತು. ಒಳಹಗ್ಗ ಸರಕ್ಕನೆ ಮಾಯವಾಯಿತು. "ಛೇ, ಎಂಥ ದುರದೃಷ್ಟ ನೋಡಿ" ಎಂದು ಅವನು ಹಣೆ ಒರೆಸಿಕೊಂಡ. ಜಗಲಿಯ ತುದಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿ ಉಷಾರಾಣಿ ಮಾತ್ರ ಅಕ್ಕಿಯನ್ನು ಬಿಟ್ಟು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಊಟದ ಹೊತ್ತಿಗೆ ಪಕ್ಕದ ಮನೆಯ ರಂಗಮ್ಮ ಬಂದರು. ಎಪ್ಪತ್ತು ದಾಟಿದ ಮುದುಕಿ. ಮೂವರು ಗಂಡಸರು ಒಂದು ಹಗ್ಗದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ಸ್ವಲ್ಪ ಹೊತ್ತು ನೋಡಿದರು.

"ಇದಕ್ಯಾಕ್ರಪ್ಪ ಇಷ್ಟು ಗೋಳು? ಲಂಗಕ್ಕೆ ಲಾಡಿ ಏರಿಸೋದಲ್ವಾ ಇದು?" ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. "ಉಷಾ, ಗೋಣಿ ಹೊಲಿಯೋ ದಬ್ಬಳ ಕೊಡವ್ವ."

ಅಭ್ಯಾಸಕ್ಕೆಂದು ಕತ್ತರಿಸಿಕೊಂಡಿದ್ದ ತುಂಡುಹಗ್ಗದ ತುದಿಯನ್ನು ದಬ್ಬಳದ ಹಿಂದೆ ಸಿಕ್ಕಿಸಿ, ಬಟ್ಟೆ ನೆರಿಗೆ ಮಾಡಿದಂತೆ ಹೆಣಿಗೆಯನ್ನು ಒತ್ತಿ ಒತ್ತಿ, ಒಂದರೊಳಗೆ ಇನ್ನೊಂದನ್ನು ಸಲೀಸಾಗಿ ಏರಿಸಿದರು. "ಈಗ ಇದನ್ನ ನೀವ್ತಾ ಬಾ ಮಗ. ಹಸಿನ ಮೊಲೆ ನೀವಿದ ಹಂಗೆ, ಮೆತ್ತಗೆ." ಶಶಿ ನೀವಿದ. ಸಡಿಲಾಗಿದ್ದ ಮೇಲುಹಗ್ಗ ಮುಂದಕ್ಕೆ ಸರಿಯುತ್ತ ಎರಡೂ ತುದಿಗಳನ್ನು ನುಂಗುತ್ತ ಬಂತು. ಕೊನೆಗೆ ಉಳಿದದ್ದು ಒಂದು ದುಂಡನೆಯ ಕುಣಿಕೆ. ಗಂಟಿಲ್ಲ, ಸೇರಿದ ಗುರುತೂ ಇಲ್ಲ.

ಶಶಿಗೆ ತನಗರಿವಿಲ್ಲದೆಯೇ ನಗು ಬಂತು. ಅದು ಅಷ್ಟು ಚೆಂದವಿತ್ತು. ಕೈಕೆಲಸ ಬಲ್ಲವನಿಗೆ ಒಳ್ಳೆಯ ಕೆಲಸ ಕಂಡರೆ ಎದೆ ತುಂಬಿಬರುತ್ತದೆ, ಅದು ತನ್ನ ಕುತ್ತಿಗೆಗೇ ಬರುವಂಥದ್ದಾದರೂ ಸರಿ. ತನ್ನ ಕುತ್ತಿಗೆ ನೆನಪಾದದ್ದು ಆಮೇಲೆ.

"ಅದು ತುಂಡುಹಗ್ಗದಲ್ಲಿ ಆಯ್ತು. ಉದ್ದ ಹಗ್ಗಕ್ಕೆ ಹತ್ತೋನೇ ಹಾಕ್ಬೇಕು" ಎಂದರು ಬೆಳ್ಯಪ್ಪ. "ಹಡಗಲ್ಲಿ ಅದೇ ರೂಲು."

ಶಶಿಗೆ ಬೇಕಾದದ್ದೂ ಅದೇ. ಗೋಡೆಯ ಕಡೆ ತಿರುಗಿ ಕೂತ. ಒಂದೂವರೆ ಗೇಣು ಒಳಹೋಗಬೇಕಾದ ತುದಿಗಳನ್ನು ಗುಟ್ಟಾಗಿ ಕತ್ತರಿಸಿ ನಾಲ್ಕೇ ಬೆರಳು ಉಳಿಸಿದ. ಮೇಲಿನಿಂದ ನೋಡಿದರೆ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಅವನ ಲೆಕ್ಕ ಸರಳವಾಗಿತ್ತು. ಹತ್ತುವ ಮೊದಲು ನಾಲ್ಕು ಜನ ಎಳೆದು ನೋಡುತ್ತಾರೆ. ಎಳೆದ ಕೂಡಲೇ ಕುಣಿಕೆ ಕಳಚಿಕೊಳ್ಳುತ್ತದೆ. ಹಗ್ಗವೇ ಸರಿಯಿಲ್ಲ ಎಂದು ಅಮ್ಮಾವ್ರು ವಾಪಸು ಕಳಿಸುತ್ತಾರೆ. ತಾನು ಮತ್ತೆ ಕಳೆ ಕೀಳುತ್ತೇನೆ.

ನಾಲ್ಕು ಗಂಟೆಗೆ ಎಲ್ಲರೂ ಅತ್ತಿಮರದ ಕೆಳಗೆ ಸೇರಿದರು. ಹಗ್ಗವನ್ನು ಎತ್ತರದ ಕವಲಿನ ಮೇಲಿಂದ ಹಾಯಿಸಲಾಯಿತು. ಕುಣಿಕೆಯ ತುದಿ ಹತ್ತುವವರ ಸೊಂಟಪಟ್ಟಿಯ ಕೊಕ್ಕೆಗೆ. ಇನ್ನೊಂದು ತುದಿಯನ್ನು ಪಕ್ಕದ ಮರಕ್ಕೆ ಒಂದು ಸುತ್ತು ಹಾಕಿ ಕೆಳಗಿರುವವರು ಹಿಡಿದುಕೊಳ್ಳಬೇಕು.

"ಎಳೆದು ನೋಡೋಣ ಬನ್ನಿ" ಎಂದು ಶಶಿ ಉತ್ಸಾಹದಿಂದ ಕರೆದ.

"ಎಳೆಯೋದೇನು ಬ್ಯಾಡ" ಎಂಬ ದನಿ ಹಿಂದಿನಿಂದ ಬಂತು. ಉಷಾರಾಣಿ ಗಂಡನ ಹಳೆಯ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು, ತಾಳಿಯನ್ನು ಒಳಗೆ ಸೇರಿಸಿ, ಸೊಂಟಪಟ್ಟಿ ಬಿಗಿದುಕೊಂಡು ನಿಂತಿದ್ದಳು. ಕತ್ತಿ ಬೆನ್ನಿಗಿತ್ತು. "ನಮ್ಮನೆಯವ್ರಿಗೆ ಸೊಂಟನೋವು. ನಾನು ಹತ್ತುತೀನಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕುಣಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಕಾಂಡದ ಬುಡದ ಗಂಟಿನ ಮೇಲೆ ಕಾಲಿಟ್ಟಳು. ಆ ಕಾಲಿಟ್ಟ ರೀತಿಯನ್ನು ಶಶಿ ನೋಡಿದ. ಅದು ಹೊಸಬರ ಕಾಲಲ್ಲ.

"ಉಷಾ, ಇಳಿ."

"ಯಾಕೆ? ತವರಲ್ಲಿ ಹಲಸಿನ ಮರ ಹತ್ತುತಿದ್ದೋಳು ನಾನೇ. ಹಗ್ಗಾನೂ ಇರಲಿಲ್ಲ ಆಗ."

"ಆ ಕುಣಿಕೆ ಸರಿಯಿಲ್ಲ."

"ನೀವೇ ಹಾಕಿದ್ದಲ್ವಾ?" ಎನ್ನುತ್ತ ಅವಳು ಇನ್ನೊಂದು ಕಾಲನ್ನೂ ಎತ್ತಿಟ್ಟಳು.

ಶಶಿ ಓಡಿಹೋಗಿ ಅವಳ ಎರಡೂ ಪಾದಗಳನ್ನು ಹಿಡಿದುಕೊಂಡ. "ನಾಲ್ಕೇ ಬೆರಳು ತೂರಿಸಿದ್ದೀನಿ ಕಣೆ. ಬೇಕು ಅಂತಲೇ. ನಂಗೆ ಮರ ಅಂದ್ರೆ ಭಯ. ಹೋದ ವರ್ಷ ಗಂಟೂ ಬಿಚ್ಚಲಿಲ್ಲ, ಮಣ್ಣೂ ಇಲ್ಲ. ತಲೆ ತಿರುಗ್ತು, ಬಿದ್ದೆ."

ಹನ್ನೊಂದು ತಿಂಗಳು ಕಾಪಾಡಿಕೊಂಡ ಮಾನ ಹೋಯಿತೆಂದು ಶಶಿ ತಲೆ ತಗ್ಗಿಸಿದ. ರಂಗಮ್ಮ ಎಲೆಅಡಿಕೆಯನ್ನು ದವಡೆಯ ಆಚೆ ಸರಿಸಿ, "ಅದು ಊರಿಗೆಲ್ಲ ಗೊತ್ತು ಕಣಪ್ಪ. ಅಟ್ಟದ ಮೇಲಿಂದ ಮಡಕೆ ಇಳಿಸೋಕೂ ಹೆಂಡ್ತೀನೇ ಹತ್ತಿಸ್ತೀಯಂತೆ" ಎಂದರು. ಬೆಳ್ಯಪ್ಪ ಅವನ ಹೆಗಲ ಮೇಲೆ ಕೈ ಇಟ್ಟರು. "ಹಡಗಲ್ಲಿ ನಂಗೂ ವಾಂತಿ ಆಗ್ತಿತ್ತು, ಇಪ್ಪತ್ತು ವರ್ಷವೂ" ಎಂದರು.

ಶಶಿಗೆ ಕಣ್ಣು ತುಂಬಿತು. ಇಷ್ಟೇ ಆಗಿದ್ದರೆ ಹೋದ ವರ್ಷವೇ ಹೇಳಿಬಿಡಬಹುದಿತ್ತಲ್ಲ ಎನಿಸಿ ಮೈ ಹಗುರಾಯಿತು.

"ಸರಿ, ಈಗ ಸರಿಯಾದ ಕುಣಿಕೆ ಹಾಕಿ" ಎಂದಳು ಉಷಾರಾಣಿ.

ಅವನು ಅಲ್ಲೇ ಬೇರಿನ ಮೇಲೆ ಕೂತು ಹಾಕಿದ. ಜಾರುಗಂಟು ಹಾಕಿದ, ತುದಿಗಳನ್ನು ಎರಡು ಗೇಣು ತೂರಿಸಿದ, ನೀವಿದ, ಮೇಲೊಂದು ಬಿಗಿಯಾದ ಹೊಲಿಗೆಯನ್ನೂ ಹಾಕಿದ. ಬೆಳಗಿನಿಂದ ಬಾರದಿದ್ದ ವಿದ್ಯೆ ಅರ್ಧ ಗಂಟೆಯಲ್ಲಿ ಬಂತು. ನಾಲ್ಕು ಜನ ಜೋತುಬಿದ್ದು ಎಳೆದರೂ ಕುಣಿಕೆ ಕೂದಲೆಳೆಯಷ್ಟೂ ಸರಿಯಲಿಲ್ಲ.

"ಇದರ ಮೇಲೆ ನಂಬಿಕೆ ಅದೆಯಾ ನಿಮಗೆ?" ಎಂದು ಕೇಳಿದಳು ಅವಳು.

"ಪ್ರಾಣಾನೇ ಇಡಬಹುದು" ಎಂದ ಶಶಿ ಹೆಮ್ಮೆಯಿಂದ. ಮಾತು ಮುಗಿಯುವಷ್ಟರಲ್ಲಿ ಅವಳು ಕೊಕ್ಕೆ ಸಿಕ್ಕಿಸಿಕೊಂಡು ಆಳೆತ್ತರ ಏರಿಯಾಗಿತ್ತು. ಅವನು ಬಿದ್ದೂ ಎದ್ದೂ ಪಕ್ಕದ ಮರದ ಹತ್ತಿರ ಹೋಗಿ ಹಗ್ಗದ ಇನ್ನೊಂದು ತುದಿಯನ್ನು ಹಿಡಿದ.

ಅವಳು ಕವಲಿನ ಹತ್ತಿರಕ್ಕೆ ಏರಿದಳು. ಶಶಿಯ ಮೊಣಕಾಲು ನಡುಗತೊಡಗಿತು. ಅವಳು ಕೊಂಬೆಯ ಮೇಲೆ ನಿಂತು ಕತ್ತಿ ಎಳೆದಳು. ನೆಲದ ಮೇಲೆ ಎರಡೂ ಕಾಲೂರಿ ನಿಂತಿದ್ದವನಿಗೆ ತಲೆ ಗಿರ್ರೆಂದಿತು. ಹೋದ ವರ್ಷ ಮರದ ಮೇಲೂ ಇಷ್ಟು ತಿರುಗಿರಲಿಲ್ಲ.

"ಕೆಳಗೆ ನೋಡ್ಬೇಡ ಕಣೆ, ಗಟ್ಟಿಯಾಗಿ ಹಿಡ್ಕೊ" ಎಂದು ಕೂಗಿದ. ದನಿ ಅರ್ಧವೇ ಬಂತು.

ಅವಳು ಕೆಳಗೆ ನೋಡಿಯೇ ನೋಡಿದಳು. "ಮದುವೆಯಾಗಿ ಹದಿನೆಂಟು ವರ್ಷ, ನೀವು ಹತ್ತಿದಾಗೆಲ್ಲ ನಾನು ಅಲ್ಲೇ ನಿಂತಿದ್ದೆ ರೀ, ಹಿಂಗೇ ನಡುಗ್ತಾ. ನೀವು ಒಂದಿನಾನಾದ್ರೂ ಕೆಳಗೆ ನನ್ನ ನೋಡಿದ್ರಾ?"

ಶಶಿ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಕೊಂಬೆ ಬಿತ್ತು. ಕಿರಣ್‌ಕುಮಾರ್ ಫೋಟೋ ತೆಗೆದು ಬೇಲಿಯ ಕಡೆ ಓಡಿದವನು ಹತ್ತು ನಿಮಿಷದಲ್ಲಿ ಹಲ್ಲು ಬಿಡುತ್ತ ಮರಳಿದ. "ಅಮ್ಮಾವ್ರಿಗೆ ಭಾರೀ ಖುಷಿ. ಈ ವರ್ಷ ಇಡೀ ಎಸ್ಟೇಟಿನ ಮರಗಸಿ ಉಷಕ್ಕನಿಗೇ ಅಂತೆ. ಹಗ್ಗ ಹಿಡಿಯೋಕೆ ಶಶಿನೇ ಇರ್ಲಿ, ಬೇರೆ ಯಾರೂ ಬೇಡ ಅಂದ್ರು. ಇನ್ನೂರ ಹನ್ನೆರಡು ಮರ."

ರಂಗಮ್ಮ ಕಾಫಿ ತಂದು ಮುಂದೆ ಹಿಡಿದರು. ಶಶಿ ತೆಗೆದುಕೊಳ್ಳಲಿಲ್ಲ. ಮೇಲೆ ಅವಳು ಎರಡನೆಯ ಕೊಂಬೆಗೆ ಕೈಹಾಕಿದ್ದಳು. ಅವನ ಎರಡು ಕೈಯೂ ಹಗ್ಗ ಬಿಡಲು ಒಪ್ಪಲಿಲ್ಲ. ಮುದುಕಿ ಸ್ವಲ್ಪ ಹೊತ್ತು ಕಾದು, ಲೋಟವನ್ನು ತಾವೇ ಅವನ ಬಾಯಿಗೆ ಹಿಡಿದರು. ಅವನು ಮೇಲೆ ನೋಡುತ್ತಲೇ ಕುಡಿದ.